ಸೊಂಟದ ಚೀಲಕ್ಕೆ ತೊಗಲೆಷ್ಟು, ಬಟ್ಟೆಯೆಷ್ಟು?

ರಾಯಚೂರು ಜಿಲ್ಲೆಯ ಚೀಕಲಪರ್ವಿಯ ಸುತ್ತ ಕಾಡಿಲ್ಲ. ಒಂದು ಮಗ್ಗುಲಿಗೆ ತುಂಗಭದ್ರೆ, ಉಳಿದ ಕಡೆ ಹೊಲಗದ್ದೆ. ಮಾನ್ವಿ ದಾಟಿ ದೇವದುರ್ಗದತ್ತ ಹೊರಟರೆ ಬಂಡೆಗುಡ್ಡ, ಕುರುಚಲು, ಬಳ್ಳಾರಿ ಜಾಲಿ. ರಾಜ್ಯದಲ್ಲಿ ಅರಣ್ಯ ತೀರ ಕಡಿಮೆಯಿರುವ ಜಿಲ್ಲೆಗಳ ಸಾಲಿನಲ್ಲಿ ರಾಯಚೂರು ಸದಾ ಇರುತ್ತದೆ. ಆದರೂ ಬಿತ್ತದೆ ಬೆಳೆದದ್ದನ್ನು ಆಯ್ದು ತಂದು ಉಣ್ಣುವ ರೂಢಿ ಇಲ್ಲಿ ಅಳಿದಿಲ್ಲ. ಮೊದಲ ಮಳೆ ಹಿಡಿದ ಮೇಲೆ ಬದುವಿನಲ್ಲಿ ಏಳುವ ಗೋಳಿ, ಹಕ್ಕರಿಕಿ, ಅಣ್ಣೆ ಸೊಪ್ಪು. ಬಿತ್ತಿದ ಬೆಳೆಯೇ ಆದರೂ ಹಿಂಗಾರಿನಲ್ಲಿ ಎರಿ ಹೊಲದಿಂದ ಚಿವುಟಿ ತರುವ ಎಳೆ ಕಡ್ಲಿ ತಪ್ಪಲು. ದಸರೆ–ದೀಪಾವಳಿ ಹೊತ್ತಿಗೆ ಗುಡ್ಡದ ಸೀತಾಫಲ, ಚಳಿಗೆ ಬಾರಿಹಣ್ಣು, ಬೇಸಿಗೆಗೆ ಹುಣಸೆ. ಇವನ್ನು ಆಯಲು ಎರಡೂ ಕೈ ಬಿಡುವಾಗಿರಬೇಕು, ಅಂದರೆ ಚೀಲ ಸೊಂಟದಲ್ಲಿರಬೇಕು. ಅಂಥ ಚೀಲಗಳು ಈಗ ಅಂತರ್ಜಾಲದ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಬೆಲ್ಟಿಗೆ ಸಿಕ್ಕಿಸುವಂಥವು, ಮಡಚಿದರೆ ಅಂಗೈಯಗಲ, ಬಿಚ್ಚಿದರೆ ತೊಡೆಯುದ್ದ. ತೊಗಲಿನ ಹೊದಿಕೆ, ಮೇಣ ಹಚ್ಚಿದ ಕ್ಯಾನ್ವಾಸಿನ ಒಡಲು. ತಂಪು ದೇಶಗಳ ಕಾಡಿನಲ್ಲಿ ಅಣಬೆ, ಕಾಡುಹಣ್ಣು ಆಯುವವರ ಅಗತ್ಯಕ್ಕೆ ಹುಟ್ಟಿದ ವಿನ್ಯಾಸ ಅದು. ನೋಡಲು ಚೆಂದ, ಕೈಗೆಲಸವೂ ಅಚ್ಚುಕಟ್ಟು. ಆದರೆ ಅದನ್ನು ಇದ್ದ ಹಾಗೆಯೇ ಎಡೆದೊರೆ ನಾಡಿಗೆ, ಅಂದರೆ ಈ ರಾಯಚೂರು ಸೀಮೆಗೆ, ತಂದರೆ ಹೊಂದುವುದಿಲ್ಲ ಎಂಬುದು ಈ ಲೇಖನದ ವಾದ. ಇಲ್ಲಿನ ಚೀಲದ ಒಡಲು ಬರಿಯ ಹತ್ತಿಬಟ್ಟೆಯದಾಗಿರಬೇಕು. ತಿಕ್ಕಾಟ, ಜಗ್ಗಾಟ ಇರುವ ನಾಲ್ಕೈದು ಜಾಗಕ್ಕೆ ಮಾತ್ರ ತೊಗಲು ಸಾಕು. ಬಟ್ಟೆಗೆ ಮೇಣವಂತೂ ಬೇಡವೇ ಬೇಡ.

ಮೊದಲ ಕಾರಣ ಬಿಸಿಲು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಮಳೆಗಾಲದ ಬಿಡುವಿನಲ್ಲೂ ನಡುಹಗಲು ಚುರುಗುಟ್ಟುತ್ತದೆ. ಕಿತ್ತ ಸೊಪ್ಪಿಗೆ ಜೀವ ಇನ್ನೂ ಇರುತ್ತದೆ. ಬೇರಿನಿಂದ ನೀರು ಬರುವುದು ನಿಂತರೂ ಎಲೆ ಉಸಿರಾಡುತ್ತದೆ, ಬೆವರುತ್ತದೆ, ಆ ಉಸಿರಾಟದಿಂದ ಒಂದಿಷ್ಟು ಶಾಖವೂ ಹುಟ್ಟುತ್ತದೆ. ಗಾಳಿಯಾಡದ ಚೀಲದಲ್ಲಿ ಬೆವರು ಹನಿಗಟ್ಟಿ ಎಲೆಯ ಮೇಲೆಯೇ ಕೂರುತ್ತದೆ, ಶಾಖಕ್ಕೆ ಹೊರದಾರಿ ಇಲ್ಲ. ಹೀಗೆ ಕುದಿದ ಗೋಳಿ ಸೊಪ್ಪು ಮನೆ ಮುಟ್ಟುವಷ್ಟರಲ್ಲಿ ಲೋಳೆಯಾಗುತ್ತದೆ. ಬರಿಯ ಹತ್ತಿಯ ಕ್ಯಾನ್ವಾಸಿಗೆ ನೀರು ಚಿಮುಕಿಸಿದರೆ ಆಗುವುದು ಇದರ ವಿರುದ್ಧ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖವನ್ನು ನೀರು ಬಟ್ಟೆಯಿಂದ, ಬಟ್ಟೆ ಒಳಗಿನ ಸೊಪ್ಪಿನಿಂದ ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಈ ಕೆಲಸ ಚುರುಕು. ಬೇರೆಲ್ಲಕ್ಕೂ ಶಾಪವಾಗಿರುವ ಇಲ್ಲಿನ ಒಣಗಾಳಿ ಇದೊಂದಕ್ಕೆ ವರ. ಹಿಂದೆ ಲಾರಿ, ಜೀಪುಗಳ ಮೂತಿಗೆ ಕ್ಯಾನ್ವಾಸಿನ ನೀರಿನ ಚೀಲ ತೂಗುಹಾಕುತ್ತಿದ್ದುದು ಇದೇ ತತ್ವದ ಮೇಲೆ: ಒಳಗಿನ ನೀರು ಬಟ್ಟೆಯಲ್ಲಿ ಜಿನುಗಿ, ಆರಿ, ಉಳಿದ ನೀರನ್ನು ತಣ್ಣಗಿಡುತ್ತಿತ್ತು. ಮೇಣ ಹಚ್ಚಿದ ಕೂಡಲೇ ನೂಲಿನ ನಡುವಿನ ಸಂದುಗಳೆಲ್ಲ ಮುಚ್ಚಿಹೋಗಿ ಈ ಗುಣ ಸಾಯುತ್ತದೆ. ಸಾಲದ್ದಕ್ಕೆ, ಜೇನುಮೇಣ ಕರಗುವುದು 62–64 ಡಿಗ್ರಿಯಲ್ಲಿ, ಪ್ಯಾರಾಫಿನ್ ಬೆರೆಸಿದ ಮಿಶ್ರಣಗಳು ಅದಕ್ಕೂ ಮೊದಲೇ ಮೆತ್ತಗಾಗುತ್ತವೆ. ಬಿಸಿಲಿಗೊಡ್ಡಿದ ಗಾಢಬಣ್ಣದ ಬಟ್ಟೆಯ ಮೈ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅಂಟಂಟಾದ ಚೀಲಕ್ಕೆ ಎರಿಮಣ್ಣಿನ ಧೂಳು ಮೆತ್ತಿದರೆ ತೊಳೆಯುವ ಬಗೆ ಯಾವುದೂ ಇಲ್ಲ.

ಎರಡನೆಯ ಕಾರಣ ತೂಕ, ಅದಕ್ಕೆ ಲೆಕ್ಕವೇ ಸಾಕು. ಕೆಳಗೆ ವಿವರಿಸಿರುವ ಚೀಲದ ಒಡಲಿಗೆ ಬೇಕಾದದ್ದು 40 ಸೆಂಟಿಮೀಟರ್ ಅಗಲ, 80 ಸೆಂಟಿಮೀಟರ್ ಉದ್ದದ ತುಂಡು, ಅಂದರೆ ಚದರ ಮೀಟರಿನ ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ಚದರ ಮೀಟರಿಗೆ 350 ಗ್ರಾಂ ತೂಗುವ ಮಧ್ಯಮ ದಪ್ಪದ ಕ್ಯಾನ್ವಾಸಿನಲ್ಲಿ ಅದು ಸುಮಾರು 110 ಗ್ರಾಂ. ಅದೇ ತುಂಡನ್ನು 2 ಮಿಲಿಮೀಟರ್ ದಪ್ಪದ ತೊಗಲಿನಲ್ಲಿ ಕತ್ತರಿಸಿದರೆ 550 ಗ್ರಾಂ ಮೀರುತ್ತದೆ. ಇನ್ನೂ ಒಂದು ಎಲೆಯೂ ಬಿದ್ದಿಲ್ಲ, ಸೊಂಟಕ್ಕೆ ಆಗಲೇ ಅರ್ಧ ಕಿಲೊ. ತೊಗಲನ್ನು ಚದರಡಿ ಲೆಕ್ಕದಲ್ಲಿ ಮಾರುತ್ತಾರೆ. ಇಡೀ ಚೀಲಕ್ಕೆ ಮೂರೂವರೆ ಚದರಡಿ ಬೇಕಾದರೆ, ಆಯಕಟ್ಟಿನ ಜಾಗಗಳಿಗೆ ಮಾತ್ರ ಹಚ್ಚಲು ಅರ್ಧ ಚದರಡಿಗಿಂತ ತುಸು ಹೆಚ್ಚು ಸಾಕು. ಅಷ್ಟು ತೊಗಲು ಚಪ್ಪಲಿ ಹೊಲಿಯುವವರ ಪೆಟ್ಟಿಗೆಯಲ್ಲಿ ಕತ್ತರಿಸಿ ಉಳಿದ ಚೂರುಗಳಲ್ಲೇ ದಕ್ಕೀತು. ಇಲ್ಲಿಯ ಮಟ್ಟಿಗೆ ಹತ್ತಿ ಎರವಲು ವಸ್ತುವೂ ಅಲ್ಲ. ರಾಯಚೂರು ಹತ್ತಿ ಮಾರುಕಟ್ಟೆಗೆ ಹೆಸರಾದ ಊರು, ಮಾನ್ವಿ–ದೇವದುರ್ಗಗಳ ಹೊಲಗಳಲ್ಲಿ ಅದು ಮುಖ್ಯ ಬೆಳೆ. ಕ್ಯಾನ್ವಾಸ್ ಬೇರೆಡೆಯ ಗಿರಣಿಯಿಂದ ಬರುತ್ತದೆ, ನಿಜ, ಆದರೆ ಅದನ್ನು ಒಗೆಯುವುದು, ಹೊಲಿಯುವುದು, ತೇಪೆ ಹಾಕುವುದು ಪ್ರತಿ ಮನೆಗೂ ಬರುತ್ತದೆ.

ಮೂರನೆಯದು, ಇಲ್ಲಿನ ಜನ ಇದೇ ಸಮಸ್ಯೆಗೆ ಮೊದಲೇ ಕಂಡುಕೊಂಡ ಉತ್ತರಗಳು. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಸೀರೆಯ ಸೆರಗನ್ನೋ ಬೇರೊಂದು ಬಟ್ಟೆಯನ್ನೋ ನಡುವಿಗೆ ಬಿಗಿದು ಉಡಿ ಮಾಡಿಕೊಳ್ಳುತ್ತಾರೆ. ಅದರ ಬಾಯಿ ಸದಾ ತೆರೆದಿರುತ್ತದೆ, ಭಾರ ಸೊಂಟದ ಎರಡೂ ಬದಿಗೆ ಹಂಚಿಹೋಗುತ್ತದೆ, ತುಂಬಿತೆಂದರೆ ಒಂದೇ ಸಲಕ್ಕೆ ಸುರಿಯಬಹುದು. ಎರಡನೆಯ ಉತ್ತರ ಚಂಚಿ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕು, ಚಿಲ್ಲರೆ ದುಡ್ಡು ಒಂದಕ್ಕೊಂದು ತಾಗದಂತೆ ಪದರ ಪದರವಾಗಿ ಹೊಲಿದ, ದಾರ ಜಗ್ಗಿದರೆ ಬಾಯಿ ಮುಚ್ಚಿಕೊಳ್ಳುವ, ಮಡಚಿ ಸೊಂಟಕ್ಕೆ ಸಿಕ್ಕಿಸುವ ಬಟ್ಟೆಯ ಚೀಲ. ಹಸಿಯದು ಒಣದಕ್ಕೆ ತಾಗಬಾರದು ಎಂಬ ಎಚ್ಚರ ಅದರ ಪ್ರತಿ ಪದರದಲ್ಲಿದೆ. ಎರಡೂ ಬಟ್ಟೆಯವು ಎಂಬುದನ್ನು ಗಮನಿಸಬೇಕು. ತೊಗಲು ಗೊತ್ತಿಲ್ಲದ ಸೀಮೆಯೇನಲ್ಲ ಇದು. ಕಪಿಲೆ ಬಾವಿಯಿಂದ ನೀರೆತ್ತುವ ಚೀಲ ತೊಗಲಿನದೇ, ಬಾರಕೋಲಿನ ಬಾರು ತೊಗಲಿನದೇ, ಎತ್ತಿನ ಕೊರಳ ಗೆಜ್ಜೆಪಟ್ಟಿ, ನೊಗದ ಮಿಣಿ, ಹಲಗೆ ವಾದ್ಯದ ಮೈ, ಕಾಲಿನ ಕೆರವು ಎಲ್ಲ ತೊಗಲಿನವು. ಜಗ್ಗುವ, ಬಡಿಯುವ, ತಿಕ್ಕುವ, ನೀರು ಹಿಡಿದಿಡುವ ಕೆಲಸಕ್ಕೆ ತೊಗಲು. ತಿನ್ನುವುದನ್ನು ತುಂಬಿ ತರುವುದಕ್ಕೆ ಬಟ್ಟೆ. ಈ ಹಂಚಿಕೆಯನ್ನು ಯಾರೂ ಬರೆದಿಟ್ಟಿಲ್ಲ, ಬಳಕೆಯಲ್ಲಿ ತಾನಾಗಿ ನಿಂತದ್ದು. ಹೊಸ ಚೀಲ ಅದನ್ನು ಪಾಲಿಸಿದರೆ ಸಾಕು.

ತೊಗಲಿನ ಪಾಲಿಗೆ ಬಂದ ಜಾಗಗಳು ಇವು: ಬೆಲ್ಟು ತೂರುವ ಕುಣಿಕೆ, ಚೀಲದ ಬೆನ್ನಿಗೆ ಗಟ್ಟಿ ಹಲಗೆಯಂತೆ ನಿಲ್ಲುವ ತುಂಡು, ಕೆಳಗಿನ ಎರಡು ಮೂಲೆ, ಮತ್ತು ಬಾಯಿಯ ಮುಂದಿನ ಅಂಚು. ಬೆನ್ನಿನ ತುಂಡಿಗೂ ಕುಣಿಕೆಗೂ 3 ಮಿಲಿಮೀಟರ್ ಆಸುಪಾಸಿನ ಎಮ್ಮೆಯ ತೊಗಲು ಒಳ್ಳೆಯದು. ಮೂಲೆಗೆ, ಅಂಚಿಗೆ ಒಂದು–ಒಂದೂವರೆ ಮಿಲಿಮೀಟರಿನ ಆಡಿನ ತೊಗಲು ನಡೆಯುತ್ತದೆ. ದಪ್ಪಕ್ಕಿಂತ ಮುಖ್ಯವಾದದ್ದು ಹದ. ಪೇಟೆಯಲ್ಲಿ ಸಿಗುವ ಹೆಚ್ಚಿನ ತೊಗಲು ಕ್ರೋಮಿಯಂ ಲವಣದಿಂದ ಹದಗೊಂಡದ್ದು. ಮೆತ್ತಗೆ, ಬೇಗ ಆರುತ್ತದೆ, ಆದರೆ ಕೊಟ್ಟ ಆಕಾರದಲ್ಲಿ ನಿಲ್ಲುವುದಿಲ್ಲ. ಬೆನ್ನಿನ ತುಂಡು, ಬಾಯಂಚಿನ ಪಟ್ಟಿ ಆಕಾರ ಹಿಡಿಯಬೇಕಾದರೆ ಗಿಡದ ತೊಗಟೆಯಿಂದ ಹದ ಮಾಡಿದ್ದೇ ಬೇಕು. ಇದರಲ್ಲಿ ಈ ನೆಲದ ಗಿಡವೊಂದರ ಪಾತ್ರ ದೊಡ್ಡದು. ಹೊಲದ ಬದುವಿನಲ್ಲಿ, ಪಾಳುಭೂಮಿಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿಯ ತೊಗಟೆ ದಕ್ಷಿಣ ಭಾರತದ ಹದಗಾರರ ಮುಖ್ಯ ಸಾಮಗ್ರಿಯಾಗಿತ್ತು; ಇಂಗ್ಲೆಂಡಿಗೆ ಹಡಗೇರುತ್ತಿದ್ದ ‘ಈಸ್ಟ್ ಇಂಡಿಯಾ’ ತೊಗಲಿಗೆ ಹೆಸರು ತಂದದ್ದು ಅದೇ. ಆಮೇಲೆ ವ್ಯಾಟಲ್ ಮರದ ಸಾರ ಅದರ ಜಾಗ ಹಿಡಿಯಿತು. ಇವತ್ತು ಗಿಡದ ಹದದ ಎಮ್ಮೆ ತೊಗಲು ಬೇಕೆಂದರೆ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯ ಕುಶಲಕರ್ಮಿಗಳ ಬಳಿ ಕೇಳಬಹುದು. 2019ರಲ್ಲಿ ಆ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಗುರುತಿಸುವುದು ಕಷ್ಟವಲ್ಲ. ಗಿಡದ ಹದದ ತೊಗಲಿನ ಕತ್ತರಿಸಿದ ಅಂಚು ಒಳಗಿನವರೆಗೂ ಕಂದು, ಮೇಲೆ ಹನಿ ನೀರು ಬಿದ್ದರೆ ಕೂಡಲೇ ಕಪ್ಪಾಗಿ ಹೀರಿಕೊಳ್ಳುತ್ತದೆ; ಕ್ರೋಮಿನದರ ಅಂಚಿನಲ್ಲಿ ಸಾಮಾನ್ಯವಾಗಿ ನೀಲಿಬೂದು ಛಾಯೆ ಇಣುಕುತ್ತದೆ.

ಗಿಡದ ಹದದ ತೊಗಲಿಗೆ ಕಬ್ಬಿಣ ಆಗದು. ಒದ್ದೆಯಾದಾಗ ಕಬ್ಬಿಣದ ಬಕಲ್, ಮೊಳೆ ತಾಗಿದಲ್ಲೆಲ್ಲ ನೀಲಿಗಪ್ಪು ಕಲೆ ಏಳುತ್ತದೆ; ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಕಲೆ ಹೋಗಲಿ ಎಂದುಕೊಂಡರೂ ಆ ಜಾಗದ ತೊಗಲು ಕಾಲಕ್ರಮದಲ್ಲಿ ಸೊರಗುತ್ತದೆ. ಆದ್ದರಿಂದ ಗುಂಡಿ, ಉಂಗುರ, ಬಕಲ್ ಹಿತ್ತಾಳೆಯವಿರಲಿ, ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನವಿರಲಿ. ಇದೇ ಕಾರಣಕ್ಕೆ ಕುರ್ಚಿಗಿಯನ್ನೋ ಚಾಕುವನ್ನೋ ಚೀಲದ ಬೆನ್ನಿಗಿರುವ ತೊಗಲಿನೊಳಗೆ ಸಿಕ್ಕಿಸಿಟ್ಟು ರಾತ್ರಿ ಕಳೆಯಬಾರದು. ತೊಗಲು ತೇವ ಹಿಡಿದಿಡುತ್ತದೆ, ಆ ತೇವ ಹುಳಿಯಾದದ್ದು, ಬೆಳಗಾಗುವಷ್ಟರಲ್ಲಿ ಅಲುಗಿಗೆ ತುಕ್ಕು.

ಇನ್ನು ಹೊಲಿಗೆ. ಕ್ಯಾನ್ವಾಸನ್ನು ಅಂಗಡಿಯಿಂದ ತಂದ ಕೂಡಲೇ ಕತ್ತರಿಸಬಾರದು. ಒಗೆಯದ ಹತ್ತಿಬಟ್ಟೆ ನೂರಕ್ಕೆ 5ರಿಂದ 10ರಷ್ಟು ಕುಗ್ಗಬಲ್ಲದು. ಚೀಲ ಹೊಲಿದ ಮೇಲೆ ಬಟ್ಟೆ ಕುಗ್ಗಿ, ತೊಗಲು ಕುಗ್ಗದೆ ನಿಂತರೆ ಇಡೀ ಚೀಲ ಸೊಟ್ಟಗಾಗುತ್ತದೆ. 45 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದದ ತುಂಡು ತಂದು ಬಿಸಿನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ, ಆಮೇಲೆ 40–80ರ ಅಳತೆಗೆ ಕತ್ತರಿಸಬೇಕು. ಉದ್ದವನ್ನು ನಡುವೆ ಮಡಚಿ ಎರಡೂ ಬದಿ ಒಂದೊಂದು ಸೆಂಟಿಮೀಟರ್ ಬಿಟ್ಟು ಹೊಲಿದರೆ 38 ಸೆಂಟಿಮೀಟರ್ ಅಗಲದ ಚಪ್ಪಟೆ ಚೀಲವಾಗುತ್ತದೆ. ಬಾಯಿಯನ್ನು 3 ಸೆಂಟಿಮೀಟರ್ ಒಳಮಡಚಿದರೆ ಎತ್ತರ 37. ಕೆಳಗಿನ ಎರಡು ಮೂಲೆಗಳನ್ನು ತ್ರಿಕೋನವಾಗಿ ಎಳೆದು 8 ಸೆಂಟಿಮೀಟರ್ ಅಡ್ಡ ಹೊಲಿಗೆ ಹಾಕಿದರೆ ಚೀಲಕ್ಕೆ ತಳ ಬರುತ್ತದೆ. ಕೊನೆಗೆ ಸಿಗುವುದು 30 ಸೆಂಟಿಮೀಟರ್ ಅಗಲ, 33 ಎತ್ತರ, 8 ದಪ್ಪದ ಚೀಲ. ಸಲೀಸಾಗಿ ಐದಾರು ಲೀಟರ್ ಹಿಡಿಯುತ್ತದೆ. ಬಟ್ಟೆ ಬಿಳಿಯದೋ ಖಾಕಿಯದೋ ಇರಲಿ. ಕಪ್ಪು, ಕಡುನೀಲಿ ಬೇಡ. ಒಳಗಡೆ ಒಂದು ಬದಿಗೆ ಚಂಚಿಯ ಮಾದರಿಯ ಎರಡು ಪುಟ್ಟ ಪದರ ಹೊಲಿದುಕೊಂಡರೆ ಬೀಜಕ್ಕೊಂದು, ಒದ್ದೆಬಟ್ಟೆಗೊಂದು ಆಗುತ್ತದೆ. ಹೊರಗಿನ ಅಲಂಕಾರ ಅವರವರ ಇಷ್ಟ. ತಾಂಡಾದ ಲಂಬಾಣಿ ಹೆಣ್ಣುಮಕ್ಕಳ ಕೈಹೊಲಿಗೆಯ ಅಂಚು ಸಿಕ್ಕರೆ ಅದು ಚೆಲುವಿನ ಜೊತೆ ಬಾಯಿಗೆ ಬಲವನ್ನೂ ಕೊಡುತ್ತದೆ.

ತೊಗಲಿನ ಹೊಲಿಗೆ ಬೇರೆ ಜಾತಿಯದು. ಬೆನ್ನಿನ ತುಂಡು 16 ಸೆಂಟಿಮೀಟರ್ ಎತ್ತರ, 14 ಅಗಲ ಇರಲಿ. ಅದರ ಹೊರಮೈಗೆ 5 ಸೆಂಟಿಮೀಟರ್ ಅಗಲ, 22 ಉದ್ದದ ಪಟ್ಟಿಯನ್ನು ಮಡಚಿ ಕುಣಿಕೆಯಾಗಿ ಕೂರಿಸಿ. ಎರಡನ್ನೂ ಕ್ಯಾನ್ವಾಸಿನ ಹಿಂದಿನ ಬಾಯಂಚಿಗೆ ಸೇರಿಸಿ ಹೊಲಿಯಬೇಕು. ಇಲ್ಲಿ ಯಂತ್ರದ ಹೊಲಿಗೆ ನಂಬುವಂಥದ್ದಲ್ಲ. ಯಂತ್ರ ಎರಡು ದಾರಗಳನ್ನು ನಡುವೆ ಕೊಂಡಿ ಹಾಕಿ ಹೊಲಿಯುತ್ತದೆ, ಒಂದು ಕಡೆ ಹರಿದರೆ ಸಾಲು ಸಡಿಲವಾಗುತ್ತಾ ಹೋಗುತ್ತದೆ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎದುರುಬದುರಾಗಿ ತೂರಿಸುತ್ತಾ ಹೋಗುವ ಜೀನುಗಾರರ ಹೊಲಿಗೆಯಲ್ಲಿ ಒಂದು ಮಡಿಕೆ ಹರಿದರೂ ಪಕ್ಕದ ಮಡಿಕೆ ತನ್ನ ಪಾಡಿಗೆ ತಾನು ನಿಲ್ಲುತ್ತದೆ. ತೂತಿನಿಂದ ತೂತಿಗೆ 4 ಮಿಲಿಮೀಟರ್ ಅಂತರ ಇರಲಿ. ಇನ್ನೂ ಹತ್ತಿರ ಹತ್ತಿರ ಚುಚ್ಚಿದರೆ ತೊಗಲು ಅಂಚೆಚೀಟಿಯ ಅಂಚಿನಂತೆ ಹರಿದುಬರುತ್ತದೆ. ದಾರಕ್ಕೆ ಜೇನುಮೇಣ ತಿಕ್ಕಿಕೊಳ್ಳಿ. ಮೇಣಕ್ಕೆ ಈ ಚೀಲದಲ್ಲಿ ಇರುವ ಕೆಲಸ ಇದೊಂದೇ. ಬಾಯಿಯ ಮುಂದಿನ ಅಂಚಿಗೆ 2 ಸೆಂಟಿಮೀಟರ್ ಅಗಲದ ತೊಗಲಿನ ಪಟ್ಟಿ ಹೊಲಿದು, ಒದ್ದೆ ಮಾಡಿ, ಬಿಲ್ಲಿನಂತೆ ಬಾಗಿಸಿ ಒಣಗಲು ಬಿಡಿ. ಒಣಗಿದ ಮೇಲೆ ಅದು ಬಾಗಿದ ಹಾಗೆಯೇ ನಿಂತು ಚೀಲದ ಬಾಯಿಯನ್ನು ತೆರೆದಿಡುತ್ತದೆ. ಕೊಂಡ ಚೀಲಗಳಲ್ಲಿ ಬಹುತೇಕ ಮರೆತುಹೋಗುವ ಅಂಶ ಇದು. ಬಾಯಿ ತಾನಾಗಿ ತೆರೆದಿರದಿದ್ದರೆ ಪ್ರತಿ ಹಿಡಿ ಸೊಪ್ಪಿಗೂ ಇನ್ನೊಂದು ಕೈ ಬೇಕು. ಹಾಗಾದರೆ ಚೀಲ ಸೊಂಟದಲ್ಲಿದ್ದು ಏನು ಬಂತು? ಕೆಲಸ ಮುಗಿದಾಗ ಎರಡು ಬದಿಗಳನ್ನು ಬೆನ್ನಿನ ತುಂಡಿನ ಮೇಲೆ ಮಡಚಿ, ತಳದಿಂದ ಮೇಲಕ್ಕೆ ಸುರುಳಿ ಸುತ್ತಿ ಒಂದು ಬಾರಿನಿಂದ ಬಿಗಿದರೆ ಗೇಣಳತೆಗೆ ಬರುತ್ತದೆ. ಬಟ್ಟೆ, ತೊಗಲು, ಹಿತ್ತಾಳೆ ಎಲ್ಲ ಸೇರಿ ತೂಕ 250 ಗ್ರಾಂ ಆಸುಪಾಸು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಮುಳ್ಳಿನದು. ಬಳ್ಳಾರಿ ಜಾಲಿಯ ಮೆಳೆಯಲ್ಲಿ ಬಟ್ಟೆ ಎಷ್ಟು ದಿನ ಬಾಳೀತು? ಆಕ್ಷೇಪದಲ್ಲಿ ಹುರುಳಿದೆ. ಆದರೆ ಮುಳ್ಳು ಚುಚ್ಚುವುದು ಬೇರೆ, ಸಿಕ್ಕಿ ಹರಿಯುವುದು ಬೇರೆ. ಚುಚ್ಚಿದಾಗ ಕ್ಯಾನ್ವಾಸಿನ ನೂಲುಗಳು ಸರಿದು ದಾರಿ ಬಿಟ್ಟು ಮುಳ್ಳು ಹೊರಬಂದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ತೆಳು ತೊಗಲಿಗೆ ಬಿದ್ದ ತೂತು ತೂತೇ. ಸಿಕ್ಕಿ ಹರಿಯುವ ವಿಷಯದಲ್ಲಿ ತೊಗಲಿನ ಕೈ ಮೇಲು, ಅದನ್ನು ಒಪ್ಪಲೇಬೇಕು. ದೇವದುರ್ಗದ ಕಡೆಯ ಗುಡ್ಡಗಳಲ್ಲಿ ಸೀತಾಫಲಕ್ಕೆಂದೇ ಕುರುಚಲಿಗೆ ನುಗ್ಗುವವರು ಚೀಲದ ಮುಂಭಾಗದ ಕೆಳಗಿನ ಮೂರನೆಯ ಒಂದು ಪಾಲಿಗೆ ಆಡಿನ ತೊಗಲು ಹಚ್ಚಿಸಿಕೊಳ್ಳಲಿ. ಬೆನ್ನ ಕಡೆ, ಮೇಲಿನ ಭಾಗ ಬಟ್ಟೆಯದೇ ಇರಲಿ, ಗಾಳಿಯಾಡಲಿಕ್ಕೆ ಅಷ್ಟು ಸಾಕು. ಹರಿದ ಕ್ಯಾನ್ವಾಸಿಗೆ ಮನೆಯಲ್ಲೇ ದಬ್ಬಳ ಹಿಡಿದು ತೇಪೆ ಹಾಕಬಹುದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಳೆಯ ಆಕ್ಷೇಪ ಇಷ್ಟು ಗಟ್ಟಿಯಿಲ್ಲ. ಇಡೀ ವರ್ಷಕ್ಕೆ ಇಲ್ಲಿ ಬೀಳುವ ಮಳೆ 600–700 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ ಅಷ್ಟು ಮಳೆ ಒಂದು ವಾರದಲ್ಲಿ ಸುರಿದರೂ ಅಚ್ಚರಿಯಿಲ್ಲ. ಅಲ್ಲಿಯವರಿಗೆ, ಕೊಡಗಿನವರಿಗೆ ಮೇಣದ ಬಟ್ಟೆ ಬೇಕಾದೀತು. ಅಲ್ಲೂ ಮುಚ್ಚಳಕ್ಕೆ ಮಾತ್ರ ಮೇಣ ಹಚ್ಚುವುದು ಲೇಸು, ಅಣಬೆಯೂ ಉಸಿರು ಕಟ್ಟಿದರೆ ಕೊಳೆಯುವಂಥದ್ದೇ.

ಇನ್ನೊಂದು ಆಕ್ಷೇಪ ಮಡಿಯದು. ಚೀಕಲಪರ್ವಿ ದಾಸಸಾಹಿತ್ಯದ ದೊಡ್ಡ ಹೆಸರಾದ ವಿಜಯದಾಸರ ಹುಟ್ಟೂರು. ಹೊಳೆದಂಡೆಯಲ್ಲಿ ತುಳಸಿ, ದೂರ್ವೆ, ಹೂವು ಆಯುವುದು ಪೂಜೆಯ ಭಾಗ, ಅಲ್ಲಿಗೆ ತೊಗಲು ಸಲ್ಲದು ಎನ್ನುವವರು ಇದ್ದಾರೆ. ಪ್ರಾಣಿಜನ್ಯ ವಸ್ತುವೇ ಬೇಡವೆಂಬ ಹೊಸ ಕಾಲದವರೂ ಇದ್ದಾರೆ. ಇಬ್ಬರಿಗೂ ಉತ್ತರ ಒಂದೇ: ಒಡಲು ಬಟ್ಟೆಯದೇ ಆಗಿರುವುದರಿಂದ ಈ ವಿನ್ಯಾಸಕ್ಕೆ ತೊಗಲು ಅನಿವಾರ್ಯವಲ್ಲ. ಕುಣಿಕೆಗೆ ಮಂಚದ ನವಾರ ಪಟ್ಟಿಯನ್ನು ಎರಡು ಮಡಿಕೆ ಮಾಡಿ ಹೊಲಿಯಬಹುದು. ಮೂಲೆಗೆ, ಬೆನ್ನಿಗೆ ಹಳೆಯ ಬಟ್ಟೆಯ ನಾಲ್ಕೈದು ಪದರ ಸೇರಿಸಿ ಕೌದಿಯ ಹೊಲಿಗೆ ಹಾಕಿದರೆ ತೊಗಲಿಗೆ ತೀರ ಹಿಂದೆ ಬೀಳದ ಗಟ್ಟಿತನ ಬರುತ್ತದೆ. ಬಾಯಿಯ ಬಾಗು ಮಾತ್ರ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ಆದರೆ ತೊಗಲು ಮೈಲಿಗೆ ಎಂಬ ಮಾತಿನ ಹಿಂದೆ ತೊಗಲು ಮುಟ್ಟುವವರು ಮೈಲಿಗೆ ಎಂಬ ಮಾತು ಅವಿತಿದ್ದರೆ ಅದಕ್ಕೆ ಚೀಲದ ವಿನ್ಯಾಸದಲ್ಲಿ ಜಾಗ ಮಾಡಿಕೊಡಬೇಕಾಗಿಲ್ಲ. ಹದ ಮಾಡುವ ಡೋಹರ ಕಕ್ಕಯ್ಯನನ್ನೂ, ಕೆರವು ಹೊಲಿಯುವ ಸಮಗಾರ ಹರಳಯ್ಯನನ್ನೂ ಹನ್ನೆರಡನೆಯ ಶತಮಾನದಲ್ಲೇ ಶರಣರೆಂದು ಕೂರಿಸಿಕೊಂಡ ನಾಡು ಇದು. ಕೈಕೆಲಸದ ಚೀಲಕ್ಕೆ ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿ ತೆತ್ತು, ಬಸ್ ನಿಲ್ದಾಣದ ಪಕ್ಕ ಕೂತು ಅದೇ ಹೊಲಿಗೆ ಹಾಕುವವರ ಬಳಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ನಮ್ಮ ಕಾಲದ ವಿಚಿತ್ರ. ಕಾಗದದಲ್ಲಿ ಮಾದರಿ ಕತ್ತರಿಸಿ ಅವರ ಬಳಿಗೇ ಒಯ್ಯಿರಿ. ರಂಪಿಗೆಯಲ್ಲಿ ತೊಗಲು ಸವರಿ ತೆಳುಮಾಡುವುದು ಅವರಿಗೆ ಬಂದ ಹಾಗೆ ಹವ್ಯಾಸಿಗೆ ಬರುವುದಿಲ್ಲ. ಚರ್ಮ ಕೈಗಾರಿಕೆಗೆಂದೇ 1976ರಲ್ಲಿ ಸ್ಥಾಪನೆಯಾದ ರಾಜ್ಯ ನಿಗಮ ಲಿಡ್ಕರ್ ಇಂಥ ಸಣ್ಣ ಸಾಮಾನುಗಳತ್ತ ಮನಸ್ಸು ಮಾಡಿದರೆ ಪಾದರಕ್ಷೆಯಾಚೆಗೂ ಒಂದು ಮಾರುಕಟ್ಟೆ ತೆರೆದೀತು.

ಸೆರಗು ಇರುವಾಗ, ಪ್ಲಾಸ್ಟಿಕ್ ಚೀಲ ಬಿಟ್ಟಿ ಸಿಗುವಾಗ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಯೂ ನ್ಯಾಯವೇ. ಪ್ಲಾಸ್ಟಿಕ್ ಕೈಚೀಲಕ್ಕೆ ಕರ್ನಾಟಕದಲ್ಲಿ 2016ರಿಂದ ನಿಷೇಧವಿದೆ. ಅದು ಕಾಗದದ ಮೇಲಷ್ಟೇ ಎಂದು ವಾದಿಸಿದರೂ, ಮೇಲೆ ಹೇಳಿದ ಬೆವರಿನ ತೊಂದರೆ ಪ್ಲಾಸ್ಟಿಕ್ಕಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಉಡಿಯ ವಿಷಯ ಬೇರೆ. ಸೀರೆ ಉಟ್ಟವರಿಗೆ ಅದಕ್ಕಿಂತ ಒಳ್ಳೆಯ ಚೀಲ ಇಲ್ಲ. ಈ ಚೀಲ ಪ್ಯಾಂಟು, ಚೂಡಿದಾರ ತೊಟ್ಟವರಿಗೆ. ಅಳತೆಯನ್ನು ಹಟ ಹಿಡಿದು ಐದಾರು ಲೀಟರಿಗೆ ನಿಲ್ಲಿಸಿದ್ದಕ್ಕೂ ಕಾರಣವಿದೆ. ಸಡಿಲವಾಗಿ ತುಂಬಿದ ಸೊಪ್ಪು ಇಷ್ಟರಲ್ಲಿ 400 ಗ್ರಾಂ ಹಿಡಿದರೆ ಹೆಚ್ಚು, ಅಂದರೆ ಒಂದು ಮನೆಯ ಒಂದು ಹೊತ್ತಿನ ಪಲ್ಯ. ಬದುವಿನ ಸೊಪ್ಪು ಊರಿನ ಎಲ್ಲರ ಪಾಲಿನದು. ಹೂ ಬಿಟ್ಟು ಬೀಜ ಉದುರಿದರಷ್ಟೇ ಮುಂದಿನ ಮಳೆಗೆ ಅದು ಮತ್ತೆ ಏಳುವುದು. ಚೀಲ ದೊಡ್ಡದಾದರೆ ಅದನ್ನು ತುಂಬಿಸುವ ತನಕ ಕೈ ನಿಲ್ಲುವುದಿಲ್ಲ. ಸೀತಾಫಲದಂಥ ಭಾರದ ಹಣ್ಣಿಗೆ ಎರಡು ಕಿಲೊ ಮೀರದಿರಲಿ. ಮೀರಿದರೆ ಬೆಲ್ಟು ಒಂದೇ ಕಡೆಗೆ ಜಗ್ಗಿ ಸೊಂಟ ನೋಯುತ್ತದೆ, ಕೆಳಗಿನ ಹಣ್ಣು ಜಜ್ಜುತ್ತದೆ.

ಚೀಲದೊಳಗೆ ಏನು ಬೀಳಬೇಕೆಂಬುದರ ಬಗ್ಗೆ ಸ್ವಲ್ಪ. ಮಾನ್ವಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಉಳಿದೆಡೆ ಹತ್ತಿ, ಮೆಣಸಿನಕಾಯಿ. ಮೂರಕ್ಕೂ ಔಷಧ ಸಿಂಪಡಿಸುವುದು ಹೆಚ್ಚು, ಬದುವಿನ ಕಳೆಗೂ ಕಳೆನಾಶಕ ಹೊಡೆಯುತ್ತಾರೆ. ಗಿಡದ ಒಳಗೇ ಹರಡುವ ಬಗೆಯ ವಿಷ ತೊಳೆದರೆ ಹೋಗುವುದಿಲ್ಲ. ಹೊಲದವರನ್ನು ಕೇಳದೆ ಸೊಪ್ಪಿಗೆ ಕೈಹಾಕಬಾರದು ಎಂಬುದಕ್ಕೆ ಸೌಜನ್ಯಕ್ಕಿಂತ ಇದು ದೊಡ್ಡ ಕಾರಣ. ಮಳೆಯಾಶ್ರಿತ ಜೋಳ, ಕಡ್ಲಿ ಹೊಲಗಳು, ಪಾಳು ಬಿಟ್ಟ ಮಸಾರಿ ನೆಲ ತಕ್ಕಮಟ್ಟಿಗೆ ನೆಮ್ಮದಿ. ಕಡ್ಲಿ ತಪ್ಪಲು ಯಾರದೋ ಬೆಳೆ, ಅನುಮತಿ ಬೇಕೇ ಬೇಕು. ಹೂ ಕಟ್ಟುವ ಮೊದಲು ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ ಎಂಬುದು ಗೊತ್ತಿರುವ ರೈತರು ಬೇಡವೆನ್ನುವುದು ಕಡಿಮೆ. ಗುರುತಿನ ವಿಷಯದಲ್ಲಿ ಒಂದು ಸಾಲಿನ ಸೂತ್ರಗಳನ್ನು ನಂಬಬೇಡಿ. ‘ಮುರಿದಾಗ ಹಾಲು ಬಂದರೆ ವಿಷ’ ಎನ್ನುವ ಸೂತ್ರ ಗೋಳಿಯನ್ನು ಅದರ ಹಾಗೆ ನೆಲಕ್ಕೆ ಹಬ್ಬುವ ಹಾಲುಗಿಡಗಳಿಂದ ಬೇರ್ಪಡಿಸಲು ಉಪಯೋಗಕ್ಕೆ ಬರುತ್ತದೆ, ಆದರೆ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಿಕಿಗೂ ಹಾಲಿದೆ. ಹಾಲಿಲ್ಲದ ದತ್ತೂರಿ ಕಡು ವಿಷ. ಊರಿನ ಹಿರಿಯ ಹೆಣ್ಣುಮಕ್ಕಳು ಹೌದೆಂದ ಮೇಲಷ್ಟೇ ಚೀಲಕ್ಕೆ ಹಾಕಿ. ಸಂಶಯ ಉಳಿದರೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಗಿಡ ಗುರುತಿಸಬಲ್ಲವರಿಗೆ ತೋರಿಸಿ. ಗೋಳಿಯಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರಿಗೆ ಅದು ಹಿತವಲ್ಲ. ಕಾಯ್ದಿಟ್ಟ ಅರಣ್ಯದ ಗಡಿ ಕಲ್ಲು ಕಂಡಲ್ಲಿ ಇಲಾಖೆಯವರನ್ನು ಕೇಳಿಯೇ ಮುಂದಡಿ ಇಡುವುದು.

ಹೊರಡುವ ಮುನ್ನ ಕ್ಯಾನ್ವಾಸನ್ನು ನೀರಿನಲ್ಲಿ ಅದ್ದಿ ಹಿಂಡಿಕೊಳ್ಳಿ, ತೊಗಲಿನ ಭಾಗ ಆದಷ್ಟು ನೆನೆಯದಿರಲಿ. ಬಾರಿಹಣ್ಣು, ಹುಣಸೆಗೆ ಹೋಗುವಾಗ ಒದ್ದೆ ಮಾಡುವುದು ಬೇಡ. ಬಂದ ಮೇಲೆ ಚೀಲವನ್ನು ಒಳಮೈ ಹೊರಗಾಗಿ ತಿರುಗಿಸಿ ಸೋಪಿಲ್ಲದೆ ತೊಳೆದು ನೆರಳಲ್ಲಿ ಒಣಹಾಕಿ. ಬಿಸಿಲು ಬೇಗ ಒಣಗಿಸುತ್ತದೆ ನಿಜ, ತೊಗಲನ್ನು ಸೀಳುವುದೂ ಅದೇ. ಮಳೆಗಾಲದ ಮುಂಚೆ ಒಮ್ಮೆ, ಬೇಸಿಗೆಯ ಮುಂಚೆ ಒಮ್ಮೆ ತೊಗಲಿಗೆ ಹರಳೆಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ತೆಳುವಾಗಿ ಸವರಿ, ಒಂದು ರಾತ್ರಿ ಬಿಟ್ಟು ಉಳಿದದ್ದನ್ನು ಒರೆಸಿಬಿಡಿ. ಅಡುಗೆಮನೆಯಲ್ಲಿ ಇದೆಯೆಂದು ಕುಸುಬಿ ಎಣ್ಣೆ ಹಚ್ಚಬೇಡಿ. ಗಾಳಿಗೆ ಅದು ಗಟ್ಟಿಯಾಗಿ ಪೊರೆಕಟ್ಟುತ್ತದೆ, ತೊಗಲು ಬಿರುಸಾಗಿ ಕುಣಿಕೆ ಮಡಚುವ ಜಾಗದಲ್ಲೇ ಮೊದಲು ಬಿರಿಯುತ್ತದೆ.